ಯೇಸು ಮತ್ತೆ ಬರುವುದು ಯಾವಾಗ, ಹೇಗೆ? ಒಂದೇ ಬೈಬಲ್‌ನಿಂದ ಇಷ್ಟೊಂದು ಉತ್ತರ ಯಾಕೆ

2025ರ ಸೆಪ್ಟೆಂಬರ್ ಮೂರನೇ ವಾರ. ಧಾರಾವಿ, ಭಾಂಡುಪ್, ಕಲ್ಯಾಣ ಕಡೆಯ ಕನ್ನಡ ಕ್ರೈಸ್ತರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. ಈ ತಿಂಗಳ 23 ಇಲ್ಲವೇ 24ಕ್ಕೆ ಯೇಸು ಬರುತ್ತಾರಂತೆ. ನಂಬಿದವರನ್ನು ಮೋಡಗಳಿಗೆ ಎತ್ತಿಕೊಳ್ಳುತ್ತಾರಂತೆ. ಉಳಿದವರಿಗೆ ಏಳು ವರ್ಷ ಸಂಕಟವಂತೆ. ದಕ್ಷಿಣ ಆಫ್ರಿಕಾದ ಒಬ್ಬ ಬೋಧಕರು, ಯೇಸುವೇ ತಮಗೆ ಕಾಣಿಸಿಕೊಂಡು ಈ ತಾರೀಕು ಹೇಳಿದರು ಎಂದಿದ್ದರು. ಅದು ಟಿಕ್‌ಟಾಕ್‌ನಲ್ಲಿ ಲೋಕವೆಲ್ಲ ಸುತ್ತಿತು. 2020ರಿಂದ ನಮ್ಮಲ್ಲಿ ಟಿಕ್‌ಟಾಕ್ ಇಲ್ಲ, ಆದರೇನು, ರೀಲ್ಸ್ ಆಗಿ ಬಂತು, ಫಾರ್ವರ್ಡ್ ಆಗಿ ಬಂತು. ಆ ವರ್ಷ ಯೆಹೂದ್ಯರ ಹೊಸ ವರ್ಷದ ಹಬ್ಬ, ಅಂದರೆ ತುತೂರಿ ಊದುವ ಹಬ್ಬ, ಅದೇ ದಿನಗಳಲ್ಲಿ ಬಿದ್ದಿತ್ತು. ಬೈಬಲ್‌ನಲ್ಲೂ ಯೇಸು ಬರುವಾಗ ತುತೂರಿ ಮೊಳಗುತ್ತದೆ ಎಂಬ ಮಾತಿದೆ. ಎರಡನ್ನೂ ಜೋಡಿಸಿ ಹಲವರು ಗಟ್ಟಿಯಾಗಿ ನಂಬಿದರು.

23 ಕಳೆಯಿತು, 24 ಕಳೆಯಿತು. ಏನೂ ಆಗಲಿಲ್ಲ. ಆದರೆ ಪ್ರಶ್ನೆಗಳು ಉಳಿದವು. ಆಫೀಸಿನಲ್ಲಿ ಪಕ್ಕದ ಟೇಬಲ್‌ನವರು "ಏನ್ರೀ, ನಿಮ್ಮಲ್ಲಿ ಹಿಂಗೂ ಉಂಟಾ?" ಅಂತ ಕೇಳಿದರು. ಮನೆಯೊಳಗೇ ಬೇರೆ ಬೇರೆ ಸಭೆಗೆ ಹೋಗುವವರು ಇದ್ದರಂತೂ ಮುಗಿದೇ ಹೋಯಿತು. ಒಬ್ಬರು "ಅದು ಸುಮ್ನೆ ಗಾಳಿಸುದ್ದಿ" ಅಂದರೆ, ಇನ್ನೊಬ್ಬರು "ತಾರೀಕು ತಪ್ಪಿರಬಹುದು, ಆದರೆ ಎತ್ತಲ್ಪಡುವುದು ಸತ್ಯ" ಅನ್ನುತ್ತಾರೆ. ಮೂರನೆಯವರು "ಎತ್ತಲ್ಪಡುವುದು ಅಂದರೆ ಏನು? ನಮ್ಮ ಫಾದರ್ ಯಾವತ್ತೂ ಹೇಳಿಲ್ಲವಲ್ಲ" ಅನ್ನುತ್ತಾರೆ.

ಮೂವರ ಕೈಯಲ್ಲೂ ಬೈಬಲ್ ಇದೆ. ಹಾಗಾದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು?

ಮೊದಲು, ಜಗಳ ಇಲ್ಲದ ಭಾಗ

ಯೇಸು ಶಿಲುಬೆಯಲ್ಲಿ ಸತ್ತು, ಮೂರನೇ ದಿನ ಎದ್ದು, ನಲವತ್ತು ದಿನಗಳ ಮೇಲೆ ಪರಲೋಕಕ್ಕೆ ಏರಿಹೋದರು ಎಂಬುದು ಕ್ರೈಸ್ತರ ನಂಬಿಕೆ. ಏರಿಹೋಗುವಾಗ ನೋಡುತ್ತಾ ನಿಂತಿದ್ದ ಶಿಷ್ಯರಿಗೆ ಬಿಳಿ ಬಟ್ಟೆಯ ಇಬ್ಬರು, ಹೋದ ರೀತಿಯಲ್ಲೇ ಅವರು ಮತ್ತೆ ಬರುತ್ತಾರೆ ಎಂದು ಹೇಳಿದರು. ಇದು ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿದೆ. ಹೀಗೆ ಮತ್ತೆ ಬರುವುದಕ್ಕೆ ನಮ್ಮ ಸಭೆಗಳಲ್ಲಿ 'ಎರಡನೆಯ ಬರೋಣ' ಅನ್ನುತ್ತಾರೆ.

325ರಲ್ಲಿ ನೈಸಿಯಾ ಎಂಬಲ್ಲಿ ಬಿಷಪರು ಸೇರಿ ಒಂದು ವಿಶ್ವಾಸ ಪ್ರಮಾಣ ಬರೆದರು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಸಭೆ ಅದನ್ನು ಬೆಳೆಸಿತು. ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸಲು ಯೇಸು ಮಹಿಮೆಯಲ್ಲಿ ಮತ್ತೆ ಬರುತ್ತಾರೆ, ಅವರ ರಾಜ್ಯಕ್ಕೆ ಕೊನೆಯಿಲ್ಲ ಎಂದು ಅದರಲ್ಲಿದೆ. ಇವತ್ತಿಗೂ ಕ್ಯಾಥೊಲಿಕ್ ಚರ್ಚುಗಳಲ್ಲಿ ಭಾನುವಾರದ ಪೂಜೆಯಲ್ಲಿ ಇದನ್ನು ಹೇಳುತ್ತಾರೆ. ಹಳೆಯ ಪ್ರೊಟೆಸ್ಟೆಂಟ್ ಸಭೆಗಳೂ ಒಪ್ಪುತ್ತವೆ. ಗಮನಿಸಿ: ಅದರಲ್ಲಿ ಏಳು ವರ್ಷ ಇಲ್ಲ, ಸಾವಿರ ವರ್ಷ ಇಲ್ಲ, ಕ್ರಿಸ್ತವಿರೋಧಿ (ಕೊನೆಯ ಕಾಲದಲ್ಲಿ ಕ್ರಿಸ್ತನಿಗೆ ಎದುರು ನಿಲ್ಲುವವನು) ಇಲ್ಲ, ತಾರೀಕಂತೂ ಇಲ್ಲವೇ ಇಲ್ಲ. ಬರುತ್ತಾರೆ, ನ್ಯಾಯ ತೀರಿಸುತ್ತಾರೆ. ಅಷ್ಟೇ.

ಉಳಿದ ವಿವರವೆಲ್ಲ ಬೈಬಲ್‌ನ ಕೆಲವೇ ಭಾಗಗಳಿಂದ ಬರುತ್ತದೆ. ಮತ್ತಾಯ 24ನೇ ಅಧ್ಯಾಯ (ಮಾರ್ಕ 13, ಲೂಕ 21ರಲ್ಲೂ ಅದೇ ಮಾತುಕತೆ ಇದೆ), ಮೊದಲ ಕಾಲದ ಬೋಧಕ ಪೌಲನು ಥೆಸಲೋನಿಕ ಊರಿನವರಿಗೆ ಬರೆದ ಎರಡು ಪತ್ರಗಳು, ಹಳೆಯ ಒಡಂಬಡಿಕೆಯ ದಾನಿಯೇಲ, ಮತ್ತು ಬೈಬಲ್‌ನ ಕೊನೆಯ ಪುಸ್ತಕ ಪ್ರಕಟನೆ. ವಾದ ಎಷ್ಟೇ ದೊಡ್ಡದಾಗಲಿ, ಸುತ್ತಿ ಸುತ್ತಿ ಇಲ್ಲಿಗೇ ಬರುತ್ತದೆ.

"ಈ ಸಂತತಿ ಅಳಿದುಹೋಗುವುದಿಲ್ಲ" ಅಂದದ್ದು ಯಾರ ಬಗ್ಗೆ?

ಮತ್ತಾಯ 24 ಶುರುವಾಗುವುದು ಒಂದು ಕಟ್ಟಡದಿಂದ. ಶಿಷ್ಯರು ಯೆರೂಸಲೇಮಿನ ದೇವಾಲಯವನ್ನು ತೋರಿಸುತ್ತಾರೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದು ಯೇಸು ಹೇಳುತ್ತಾರೆ. ಇದು ಯಾವಾಗ, ನೀನು ಬರುವುದಕ್ಕೆ ಗುರುತೇನು ಎಂದು ಶಿಷ್ಯರು ಕೇಳುತ್ತಾರೆ. ಆಗ ಬರುತ್ತದೆ ನಮಗೆಲ್ಲ ಗೊತ್ತಿರುವ ಪಟ್ಟಿ: ಯುದ್ಧ, ಬರ, ಭೂಕಂಪ, ಸುಳ್ಳು ಪ್ರವಾದಿಗಳು, ಸೂರ್ಯ ಕಪ್ಪಾಗುವುದು, ಮನುಷ್ಯಕುಮಾರನು (ಯೇಸು ತಮ್ಮನ್ನೇ ಕರೆದುಕೊಂಡ ಹೆಸರು) ಮೋಡಗಳ ಮೇಲೆ ಬರುವುದು. 34ನೇ ವಚನದಲ್ಲಿ, ಇದೆಲ್ಲ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ ಎಂಬ ಮಾತು.

ಇದೇ ಗಂಟು. ಕೇಳಿಸಿಕೊಂಡವರೆಲ್ಲ ಸತ್ತು ಎರಡು ಸಾವಿರ ವರ್ಷ ಹತ್ತಿರವಾಯಿತು. ಹಾಗಾದರೆ 'ಈ ಸಂತತಿ' ಯಾರು?

ಒಂದು ಗುಂಪು ಹೇಳುವುದು ಹೀಗೆ. ಮಾತು ಆಡಿದ್ದು ದೇವಾಲಯದ ಬಗ್ಗೆ. 70ನೇ ಇಸವಿಯಲ್ಲಿ ಟೈಟಸ್‌ನ ರೋಮನ್ ಸೈನ್ಯ ಯೆರೂಸಲೇಮನ್ನು ಮುತ್ತಿ ದೇವಾಲಯವನ್ನು ಸುಟ್ಟು ಕೆಡವಿತು. ಆ ಮಾತು ಕೇಳಿಸಿಕೊಂಡವರಲ್ಲಿ ಹಲವರು ಆಗ ಬದುಕಿದ್ದರು. ಅಂದರೆ ಈ ಪಟ್ಟಿಯ ಹೆಚ್ಚಿನ ಭಾಗ ಆಗಲೇ ನೆರವೇರಿತು. ಸೂರ್ಯ ಕಪ್ಪಾಗುವ ಮಾತು? ಅದು ಹಳೆಯ ಪ್ರವಾದಿಗಳ ಮಾತಿನ ಶೈಲಿ ಎಂದು ಇವರು ತೋರಿಸುತ್ತಾರೆ. ಯೆಶಾಯ 13ನೇ ಅಧ್ಯಾಯದಲ್ಲಿ ಬಾಬೆಲ್ ಬೀಳುವುದನ್ನು ಹೇಳುವಾಗಲೂ ನಕ್ಷತ್ರಗಳು ಬೆಳಗುವುದಿಲ್ಲ, ಸೂರ್ಯ ಕಪ್ಪಾಗುತ್ತಾನೆ ಅನ್ನುತ್ತದೆ. 19ನೇ ಅಧ್ಯಾಯದಲ್ಲಿ ದೇವರು ಮೋಡದ ಮೇಲೆ ಕೂತು ಐಗುಪ್ತಕ್ಕೆ ಬರುತ್ತಾರೆ. ಯಾರೂ ಆಕಾಶ ನೋಡುತ್ತಾ ನಿಂತಿರಲಿಲ್ಲ, ಅಲ್ವಾ? ಒಂದು ರಾಜ್ಯ ಬೀಳುವುದನ್ನು ಹೀಗೆ ಹೇಳುವ ರೂಢಿ ಇತ್ತು.

ಇನ್ನೊಂದು ಗುಂಪು ಒಪ್ಪುವುದಿಲ್ಲ. ಮನುಷ್ಯಕುಮಾರನನ್ನು ಭೂಮಿಯ ಎಲ್ಲ ಕುಲದವರು ನೋಡುತ್ತಾರೆ ಎಂದು ಅಲ್ಲೇ ಇದೆ, 70ರಲ್ಲಿ ಅದಾಗಲಿಲ್ಲ ಎಂಬುದು ಇವರ ವಾದ. ಹಾಗಾಗಿ 'ಈ ಸಂತತಿ' ಅಂದರೆ ಆ ಗುರುತುಗಳನ್ನು ಕಣ್ಣಾರೆ ಕಾಣುವ ಕೊನೆಯ ತಲೆಮಾರು. ಕೆಲವರು ಅದನ್ನು ಯೆಹೂದ್ಯ ಜನಾಂಗ ಎಂದು ಓದುತ್ತಾರೆ.

ಮೂರನೆಯ ದಾರಿ ಎರಡನ್ನೂ ಬಿಡಿಸುತ್ತದೆ. ಶಿಷ್ಯರು ಕೇಳಿದ್ದೇ ಎರಡು ಪ್ರಶ್ನೆ, ಉತ್ತರವೂ ಎರಡು. 34ರ ತನಕ ದೇವಾಲಯದ ಮಾತು. 36ನೇ ವಚನದಲ್ಲಿ ವಿಷಯ ಬದಲಾಗುತ್ತದೆ: ಆ ದಿನ, ಆ ಗಳಿಗೆ ದೇವದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು. ಮೊದಲನೆಯದಕ್ಕೆ ಗಡುವು ಇದೆ, ಎರಡನೆಯದಕ್ಕೆ ಇಲ್ಲ. ಓದುವಾಗ ನನಗೆ ಇದು ಹೆಚ್ಚು ಸಲೀಸಾಗಿ ಕೂಡುತ್ತದೆ. ಆದರೆ ನಡುವಿನ ಒಂದೊಂದು ವಚನ ಯಾವ ಕಡೆಗೆ ಸೇರಬೇಕು ಅಂತ ಇವರೊಳಗೇ ಮತ್ತೆ ಜಗಳ ಇದೆ.

ವಿಶ್ವವಿದ್ಯಾಲಯಗಳ ವಿದ್ವಾಂಸರ ಮಾತೂ ಒಂದಿದೆ. 1906ರಲ್ಲಿ ಆಲ್ಬರ್ಟ್ ಶ್ವೈಟ್ಸರ್, ಯೇಸು ಲೋಕದ ಅಂತ್ಯ ತಮ್ಮ ಕಾಲದಲ್ಲೇ ಬರುತ್ತದೆ ಎಂದು ನಿರೀಕ್ಷಿಸಿದ್ದರು, ಅದು ಬರಲಿಲ್ಲ ಎಂದು ನೇರವಾಗಿ ಬರೆದರು. ಚರ್ಚುಗಳು ಒಪ್ಪಲಿಲ್ಲ. ಆದರೆ ಆಮೇಲೆ ಬರೆದವರೆಲ್ಲ ಅವರಿಗೆ ಉತ್ತರ ಕೊಡಲೇಬೇಕಾಯಿತು.

ಬಂದಾಗಿದೆ, ಆದರೆ ಪೂರ್ತಿ ಬಂದಿಲ್ಲ

ಹಾಗೆ ಬಂದ ಉತ್ತರಗಳಲ್ಲಿ ಒಂದು ಇವತ್ತು ಹಲವು ಸೆಮಿನರಿಗಳಲ್ಲಿ ಕಲಿಸುವ ವಿಷಯ. ದೇವರ ರಾಜ್ಯ ಯೇಸುವಿನ ಮೊದಲ ಬರುವಿಕೆಯಲ್ಲೇ ಶುರುವಾಯಿತು, ಆದರೆ ಎರಡನೆಯದರಲ್ಲಿ ಮಾತ್ರ ಪೂರ್ತಿಯಾಗುತ್ತದೆ ಎಂಬುದು ಇದರ ತಿರುಳು. ಮುಂಬಯಿಯಲ್ಲಿ ಬಾಡಿಗೆ ರೂಮು ಹಿಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟೋಕನ್ ಕೊಟ್ಟ ದಿನವೇ ರೂಮು ನಿಮ್ಮದು, ಬ್ರೋಕರ್ ಬೇರೆಯವರಿಗೆ ತೋರಿಸುವಂತಿಲ್ಲ. ಆದರೆ ಸಾಮಾನು ಇನ್ನೂ ಹಳೇ ಚಾಳ್‌ನಲ್ಲೇ ಇದೆ, ನೀರಿಗೆ ಬೆಳಿಗ್ಗೆ ಐದಕ್ಕೆ ಅಲ್ಲೇ ಸಾಲು ನಿಲ್ಲಬೇಕು. ಪೌಲನೂ ಇದೇ ವ್ಯವಹಾರದ ಮಾತು ಆಡುತ್ತಾನೆ. ದೇವರು ಪವಿತ್ರಾತ್ಮವನ್ನು ಸಂಚಕಾರವಾಗಿ, ಅಂದರೆ ಮುಂಗಡವಾಗಿ, ಕೊಟ್ಟಿದ್ದಾರೆ ಎಂದು ಕೊರಿಂಥದವರಿಗೂ ಎಫೆಸದವರಿಗೂ ಬರೆಯುತ್ತಾನೆ.

ಪ್ರಕಟನೆ: ನಾಲ್ಕು ಬಗೆಯ ಓದು

ಪ್ರಕಟನೆ ಪುಸ್ತಕ ಅಂದರೆ ಎಲ್ಲರಿಗೂ ನೆನಪಾಗುವುದು ಏಳು ತಲೆಯ ಮೃಗ, 666, ನಾಲ್ಕು ಕುದುರೆ, ಬೆಂಕಿಯ ಕೆರೆ. ಯೋಹಾನ ಎಂಬವನು ಪತ್ಮೋಸ್ ದ್ವೀಪದಲ್ಲಿದ್ದಾಗ ಕಂಡ ದರ್ಶನ ಇದು. ರೋಮನ್ ಚಕ್ರವರ್ತಿ ಡೊಮಿಷಿಯನ್‌ನ ಕಾಲದಲ್ಲಿ, ಸುಮಾರು 95ರಲ್ಲಿ ಬರೆದದ್ದು ಎಂದು ಹೆಚ್ಚಿನವರು ಹೇಳುತ್ತಾರೆ. ಅದಕ್ಕೂ ಮುಂಚೆ, ಅವನಿಗೂ ಹಿಂದಿನ ಚಕ್ರವರ್ತಿ ನೀರೋ ಕಾಲದ ಹತ್ತಿರ ಎನ್ನುವವರೂ ಇದ್ದಾರೆ. ಬರೆದದ್ದು ಈಗಿನ ಟರ್ಕಿಯಲ್ಲಿದ್ದ ಏಳು ಸಭೆಗಳಿಗೆ: ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಇದು ಮುಖ್ಯ. ಯಾಕೆಂದರೆ ಮೊದಲ ಪ್ರಶ್ನೆಯೇ ಇದು: ಈ ಪುಸ್ತಕ ಅವರಿಗಾ, ನಮಗಾ?

ಅವರಿಗೇ ಎನ್ನುವವರು, ಅದನ್ನು ರೋಮ್ ಸಾಮ್ರಾಜ್ಯದ ವಿರುದ್ಧ ಗುಟ್ಟಾಗಿ ಬರೆದ ಧೈರ್ಯದ ಪತ್ರ ಎಂದು ಓದುತ್ತಾರೆ. ಇವರ ಬಲವಾದ ಸಾಕ್ಷಿ 666. ಹಿಂದೆ ಹೀಬ್ರೂ ಅಕ್ಷರಗಳೇ ಅಂಕಿಗಳಾಗಿಯೂ ಇದ್ದವು. ಹೆಸರು ಬರೆದರೆ ಅದಕ್ಕೊಂದು ಮೊತ್ತ ಸಿಗುತ್ತಿತ್ತು. 'ನೀರೋನ್ ಕೈಸರ್' (ಚಕ್ರವರ್ತಿ ನೀರೋ) ಎಂಬುದನ್ನು ಹೀಬ್ರೂವಿನಲ್ಲಿ ಬರೆದು ನೋಡಿ. ನೀರೋನ್: 50, 200, 6, 50, ಒಟ್ಟು 306. ಕೈಸರ್: 100, 60, 200, ಒಟ್ಟು 360. ಎರಡೂ ಸೇರಿದರೆ 666. ಇನ್ನೂ ಸ್ವಾರಸ್ಯದ ಸಂಗತಿ, ಕೆಲವು ಹಳೆಯ ಕೈಬರಹದ ಪ್ರತಿಗಳಲ್ಲಿ ಈ ಸಂಖ್ಯೆ 616 ಎಂದಿದೆ. ಲ್ಯಾಟಿನ್ ರೀತಿಯಲ್ಲಿ 'ನೀರೋ' ಎಂದು ಕೊನೆಯ 'ನ್' ಬಿಟ್ಟು ಬರೆದರೆ 50 ಕಡಿಮೆಯಾಗಿ ಸರಿಯಾಗಿ 616 ಬರುತ್ತದೆ! ಮೃಗದ ಏಳು ತಲೆ ಅಂದರೆ ಏಳು ಬೆಟ್ಟ ಎಂದು 17ನೇ ಅಧ್ಯಾಯವೇ ಹೇಳುತ್ತದೆ. ಏಳು ಬೆಟ್ಟಗಳ ಊರು ಅಂದರೆ ಆ ಕಾಲದವರಿಗೆ ರೋಮ್.

ಎರಡನೆಯವರು ಇದನ್ನು ಆಗಿನಿಂದ ಇವತ್ತಿನ ತನಕದ ಚರಿತ್ರೆಯ ನಕ್ಷೆ ಎಂದು ಓದುತ್ತಾರೆ. ದರ್ಶನದಲ್ಲಿ ಬರುವ ಒಂದೊಂದು ಮುದ್ರೆಗೂ ತುತೂರಿಗೂ ಒಂದೊಂದು ಕಾಲ. ಮಾರ್ಟಿನ್ ಲೂಥರ್ ಮತ್ತು ಅವರ ಕಾಲದ ಸುಧಾರಕರು ಪೋಪರನ್ನೇ ಕ್ರಿಸ್ತವಿರೋಧಿ ಎಂದದ್ದು ಹೀಗೆ ಓದಿಯೇ. ಅದಕ್ಕೆ ಎದುರಾಗಿ 16ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿಸ್ಕೊ ರಿಬೇರಾ ಎಂಬ ಸ್ಪೇನಿನ ಜೆಸ್ಯುಯಿಟ್ ಪಾದ್ರಿ, ಕ್ರಿಸ್ತವಿರೋಧಿ ಇನ್ನೂ ಬಂದಿಲ್ಲ, ಲೋಕದ ಕೊನೆಗೆ ಬರುತ್ತಾನೆ ಎಂದು ಬರೆದರು. ಮೂರನೆಯ ದಾರಿ ಅದೇ: 4ನೇ ಅಧ್ಯಾಯದಿಂದ ಮುಂದಿನದೆಲ್ಲ ಇನ್ನೂ ಆಗಬೇಕಾದದ್ದು. ಕ್ಯಾಥೊಲಿಕ್ ಪಾದ್ರಿ ಹಾಕಿದ ಈ ದಾರಿಯಲ್ಲಿ ಇವತ್ತು ಜಾಸ್ತಿ ನಡೆಯುವವರು ಪೋಪರನ್ನು ಒಪ್ಪದ ಪೆಂಟಕೋಸ್ಟಲ್ ಸಭೆಯವರು! ಚರಿತ್ರೆಗೆ ಹೀಗೆ ತಮಾಷೆ ಮಾಡುವ ಚಾಳಿ ಇದೆ.

ನಾಲ್ಕನೆಯವರಿಗೆ ಕಾಲವೇ ಮುಖ್ಯವಲ್ಲ. ಮೃಗ ಅಂದರೆ ಯಾವ ಕಾಲದಲ್ಲಾದರೂ ದೇವರ ಜಾಗದಲ್ಲಿ ಕೂರುವ ಅಧಿಕಾರ. ಯಾವ ತಲೆಮಾರಿನವರಾದರೂ ತಮ್ಮ ಮೃಗವನ್ನು ಗುರುತಿಸಬಹುದು.

ಸಾವಿರ ವರ್ಷ ಮೊದಲಾ, ಯೇಸು ಮೊದಲಾ?

ಪ್ರಕಟನೆ 20ನೇ ಅಧ್ಯಾಯದಲ್ಲಿ ಸೈತಾನನನ್ನು ಸಾವಿರ ವರ್ಷ ಕಟ್ಟಿಹಾಕುತ್ತಾರೆ, ಆಗ ಕ್ರಿಸ್ತನು ತನ್ನವರ ಜೊತೆ ಆಳುತ್ತಾನೆ. ಮೊದಲ ಏಳು ವಚನಗಳಲ್ಲಿ ಆರು ಸಲ 'ಸಾವಿರ ವರ್ಷ' ಬರುತ್ತದೆ. ಇಡೀ ಬೈಬಲ್‌ನಲ್ಲಿ ಈ ಆಳ್ವಿಕೆಗೆ ಸಾವಿರ ವರ್ಷ ಎಂಬ ಲೆಕ್ಕ ಸಿಗುವುದು ಇಲ್ಲಿ ಮಾತ್ರ. ಇಷ್ಟು ಸಣ್ಣ ಭಾಗದ ಮೇಲೆ ಮೂರು ದೊಡ್ಡ ಪಂಥಗಳು ನಿಂತಿವೆ.

ಯೇಸು ಮೊದಲು ಬರುತ್ತಾರೆ, ಆಮೇಲೆ ಈ ಭೂಮಿಯ ಮೇಲೇ ಸಾವಿರ ವರ್ಷ ಆಳುತ್ತಾರೆ ಎಂಬುದು ಒಂದು. ಎರಡನೇ ಶತಮಾನದ ಕ್ರೈಸ್ತ ಗುರುಗಳಾದ ಜಸ್ಟಿನ್, ಐರೇನಿಯಸ್ ಹೀಗೇ ನಂಬಿದ್ದರು. ಐದನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಇದನ್ನು ಬೇರೆ ಕಡೆಗೆ ತಿರುಗಿಸಿದರು. ಅವರಿಗೂ ಮೊದಮೊದಲು ಭೂಮಿಯ ಆಳ್ವಿಕೆಯ ಮಾತು ಹಿಡಿಸಿತ್ತು. ಆಮೇಲೆ, ಸಾವಿರ ಎಂಬುದು ಲೆಕ್ಕದ ಸಂಖ್ಯೆಯಲ್ಲ, ಪೂರ್ಣತೆಯ ಸಂಖ್ಯೆ, ಈಗ ನಡೆಯುತ್ತಿರುವ ಸಭೆಯ ಕಾಲವೇ ಆ ಆಳ್ವಿಕೆ ಎಂದರು. ಸಾವಿರಕ್ಕೂ ಹೆಚ್ಚು ವರ್ಷ ಪಶ್ಚಿಮದ ಚರ್ಚು ಹೆಚ್ಚುಕಮ್ಮಿ ಹೀಗೇ ಓದಿತು. ಕ್ಯಾಥೊಲಿಕ್ ಚರ್ಚು ಇಂದಿಗೂ ಹಾಗೇ. ಕ್ರಿಸ್ತನು ಕಣ್ಣಿಗೆ ಕಾಣುವಂತೆ ಬಂದು ಭೂಮಿಯ ಮೇಲೆ ಆಳುತ್ತಾನೆ ಎಂದು ಕಲಿಸುವುದು ಸುರಕ್ಷಿತವಲ್ಲ ಎಂದು 1944ರಲ್ಲಿ ರೋಮ್ ಹೇಳಿತು. ಆ ಚರ್ಚಿನ 1992ರ ಧರ್ಮೋಪದೇಶ ಪುಸ್ತಕದಲ್ಲೂ ಅದೇ ನಿಲುವು. ಮಂಗಳೂರಿನಿಂದ ಬಂದು ಅಂಧೇರಿ, ಬಾಂದ್ರಾದಲ್ಲಿ ನೆಲೆಸಿದ ಕ್ಯಾಥೊಲಿಕರು ಚರ್ಚಿನಲ್ಲಿ ಏಳು ವರ್ಷ, ಸಾವಿರ ವರ್ಷದ ಮಾತು ಕೇಳಿಲ್ಲ ಅಂದರೆ ಕಾರಣ ಇದು.

ಸುವಾರ್ತೆ ಲೋಕಕ್ಕೆಲ್ಲ ಮುಟ್ಟಿ ಒಳ್ಳೆಯ ಕಾಲ ಬರುತ್ತದೆ, ಅದರ ಕೊನೆಗೆ ಯೇಸು ಬರುತ್ತಾರೆ ಎಂಬುದು ಇನ್ನೊಂದು. 18, 19ನೇ ಶತಮಾನದ ಮಿಷನರಿಗಳ ಉತ್ಸಾಹದ ಹಿಂದೆ ಈ ನಂಬಿಕೆಯೂ ಇತ್ತು. 1914ರಿಂದ 1918ರ ಮಹಾಯುದ್ಧ ನೋಡಿದ ಮೇಲೆ ಲೋಕ ಒಳ್ಳೆಯದಾಗುತ್ತಿದೆ ಎಂದು ಹೇಳುವುದು ಕಷ್ಟವಾಯಿತು.

ಎತ್ತಲ್ಪಡುವಿಕೆ ಎಲ್ಲಿಂದ ಬಂತು

ಸೆಪ್ಟೆಂಬರ್‌ನ ಗಲಾಟೆಯ ಮೂಲ ಇದು. ಇದಕ್ಕೆ ಆಧಾರ, ಪೌಲನು ಸುಮಾರು 50ರಲ್ಲಿ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯ. ಅಲ್ಲಿನವರಿಗೆ ಒಂದು ದುಃಖ ಇತ್ತು. ಯೇಸು ಬರುವ ಮುಂಚೆಯೇ ನಮ್ಮವರು ಕೆಲವರು ಸತ್ತುಹೋದರಲ್ಲ, ಅವರಿಗೆ ಆ ಭಾಗ್ಯ ತಪ್ಪಿತಾ? ಪೌಲನು ಸಮಾಧಾನ ಹೇಳುತ್ತಾನೆ: ತುತೂರಿ ಮೊಳಗುತ್ತದೆ, ಸತ್ತವರು ಮೊದಲು ಏಳುತ್ತಾರೆ, ಆಮೇಲೆ ಬದುಕಿರುವ ನಾವು ಅವರ ಸಂಗಡ ಕರ್ತನನ್ನು ಎದುರುಗೊಳ್ಳಲು ಮೋಡಗಳಲ್ಲಿ ಒಯ್ಯಲ್ಪಡುತ್ತೇವೆ.

ಒಯ್ಯಲ್ಪಡುವುದು ಬೈಬಲ್‌ನಲ್ಲಿದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇರುವುದು, ಇದು ಯೇಸುವಿನ ಬಹಿರಂಗ ಬರೋಣದ ಜೊತೆಗೇ ಆಗುತ್ತದಾ, ಇಲ್ಲವೇ ಅದಕ್ಕೂ ಏಳು ವರ್ಷ ಮುಂಚೆ ಗುಟ್ಟಾಗಿ ಆಗುತ್ತದಾ ಎಂಬಲ್ಲಿ. ಎರಡು ಹಂತದ ಈ ಲೆಕ್ಕವನ್ನು ಒಂದು ಪೂರ್ಣ ಪದ್ಧತಿಯಾಗಿ ಕಟ್ಟಿದವರು ಜಾನ್ ನೆಲ್ಸನ್ ಡಾರ್ಬಿ (1800-1882). ಬ್ರದರನ್ ಎಂಬ ಪಂಥದ ಮುಖಂಡ. 1830ರ ದಶಕದಲ್ಲಿ ಇದನ್ನು ಬೋಧಿಸತೊಡಗಿದರು. ದೇವರಿಗೆ ಇಸ್ರೇಲ್ ಜನಕ್ಕೊಂದು ಯೋಜನೆ, ಸಭೆಗೊಂದು ಯೋಜನೆ ಎಂದು ಅವರು ಬೇರೆ ಮಾಡಿದರು. ಸಭೆಯನ್ನು ಮೊದಲು ಎತ್ತಿಕೊಂಡ ಮೇಲೆ ಇಸ್ರೇಲಿನ ಲೆಕ್ಕ ಮತ್ತೆ ಶುರು.

ಈ ಏಳು ವರ್ಷ ಎಲ್ಲಿಂದ? ದಾನಿಯೇಲ 9ರಿಂದ. ಅಲ್ಲಿ ಎಪ್ಪತ್ತು 'ವಾರ'ಗಳ ಮಾತಿದೆ. ಒಂದು ವಾರಕ್ಕೆ ಏಳು ವರ್ಷ ಎಂದರೆ ಒಟ್ಟು 490 ವರ್ಷ. ಡಾರ್ಬಿಯ ದಾರಿಯವರು, 69 ವಾರ ಕ್ರಿಸ್ತನ ಕಾಲಕ್ಕೆ ಮುಗಿಯಿತು, ಗಡಿಯಾರ ನಿಂತಿತು, ಕೊನೆಯ ಒಂದು ವಾರ ಇನ್ನೂ ಬಾಕಿ ಎನ್ನುತ್ತಾರೆ. ಅದೇ ಏಳು ವರ್ಷದ ಮಹಾಸಂಕಟ. ಬೇರೆಯವರು, ನಡುವೆ ಎರಡು ಸಾವಿರ ವರ್ಷದ ತೂತು ಎಂದು ಆ ವಚನ ಎಲ್ಲೂ ಹೇಳುವುದಿಲ್ಲ, ಎಪ್ಪತ್ತೂ ಒಂದರ ಹಿಂದೆ ಒಂದು ಮುಗಿದವು ಎನ್ನುತ್ತಾರೆ. ಹಲವು ವಿದ್ವಾಂಸರು ಅದನ್ನು ಕ್ರಿಸ್ತಪೂರ್ವ 167ರಲ್ಲಿ ದೇವಾಲಯವನ್ನು ಹೊಲೆ ಮಾಡಿದ ಆಂಟಿಯೋಕಸ್ ರಾಜನ ಕಾಲಕ್ಕೆ ಹೊಂದಿಸುತ್ತಾರೆ.

'ಎದುರುಗೊಳ್ಳಲು' ಎಂಬಲ್ಲೂ ವಾದ ಇದೆ. ಗುಟ್ಟಿನ ಬರೋಣ ಒಪ್ಪದವರು ಅಪೊಸ್ತಲರ ಕೃತ್ಯಗಳು 28ನ್ನು ತೆಗೆದು ತೋರಿಸುತ್ತಾರೆ. ಪೌಲನು ಕೈದಿಯಾಗಿ ರೋಮ್‌ಗೆ ಬರುವಾಗ ಅಲ್ಲಿನ ಸಹೋದರರು ದಾರಿಯ ತನಕ ನಡೆದುಬಂದು ಎದುರುಗೊಂಡು, ಅವನ ಜೊತೆಗೇ ಊರಿಗೆ ವಾಪಸಾದರು. ದೊಡ್ಡವರು ಬರುವಾಗ ಊರಿನವರು ಹೊರಗೆ ಹೋಗಿ ಕರೆತರುವ ರೂಢಿ ಅದು. ಪೌಲನು ಪತ್ರದಲ್ಲಿ ಹೇಳಿದ್ದೂ ಅದೇ, ಮೇಲೆ ಹೋಗಿ ಎದುರುಗೊಂಡು ಕರ್ತನ ಜೊತೆ ಇಳಿದು ಬರುತ್ತೇವೆ ಎಂಬುದು ಇವರ ಮಾತು. ಎತ್ತಲ್ಪಡುವಿಕೆ ಮೊದಲು ಎನ್ನುವವರು ಅದೇ ಪತ್ರದ 5ನೇ ಅಧ್ಯಾಯದ 9ನೇ ವಚನ ಓದುತ್ತಾರೆ: ದೇವರು ನಮ್ಮನ್ನು ಕೋಪಕ್ಕೆ ಗುರಿಯಾಗಲು ನೇಮಿಸಿಲ್ಲ. ಹಾಗಾದರೆ ಕೋಪದ ಕಾಲಕ್ಕೆ ಮುಂಚೆ ನಮ್ಮನ್ನು ತೆಗೆದುಬಿಡಬೇಕಲ್ಲ?

ಡಾರ್ಬಿಯ ಮಾತು ಜನರ ಮನೆಗೆ ಮುಟ್ಟಿದ್ದು ಒಂದು ಬೈಬಲ್‌ನಿಂದ. 1909ರಲ್ಲಿ ಅಮೆರಿಕದ ಸಿ. ಐ. ಸ್ಕೋಫೀಲ್ಡ್ ವಚನಗಳ ಕೆಳಗೆ ಟಿಪ್ಪಣಿ ಸೇರಿಸಿ ಬೈಬಲ್ ಅಚ್ಚು ಹಾಕಿಸಿದರು. ಒಂದೇ ಪುಟದಲ್ಲಿ ಮೇಲೆ ವಚನ, ಕೆಳಗೆ ಡಾರ್ಬಿಯ ರೀತಿಯ ವಿವರಣೆ. ಓದುಗರಿಗೆ ಎರಡೂ ಒಂದೇ ತೂಕದ್ದಾಗಿ ಕಂಡವು. ಫುಟ್‌ನೋಟ್‌ನ ಶಕ್ತಿ ಕಡಿಮೆಯದಲ್ಲ. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದಾಗ, 1967ರ ಯುದ್ಧದಲ್ಲಿ ಯೆರೂಸಲೇಮಿನ ಹಳೆಯ ನಗರ ಅದರ ಕೈಗೆ ಬಂದಾಗ, ನೋಡಿ, ಇಸ್ರೇಲಿನ ಗಡಿಯಾರ ಮತ್ತೆ ಓಡತೊಡಗಿತು ಎಂದು ಈ ದಾರಿಯವರಿಗೆ ಅನಿಸಿತು. ಪಶ್ಚಿಮ ಏಷ್ಯಾದಲ್ಲಿ ಕ್ಷಿಪಣಿ ಹಾರಿದಾಗಲೆಲ್ಲ 'ಕೊನೆಯ ಕಾಲ'ದ ವಿಡಿಯೋಗಳು ಬರುವುದು ಇದರಿಂದಲೇ. ಇಸ್ರೇಲಿಗೆ ಕೊಟ್ಟ ವಾಗ್ದಾನಗಳು ಕ್ರಿಸ್ತನಲ್ಲಿ ನೆರವೇರಿದವು ಎಂದು ಓದುವವರಿಗೆ ಆ ಸುದ್ದಿ ಬರೀ ರಾಜಕೀಯ.

ತಾರೀಕಿನ ಲೆಕ್ಕ ಹಾಕುವುದು ಹೇಗೆ

ತಾರೀಕು ಹೇಳಿದವರೆಲ್ಲ ಮೋಸಗಾರರಲ್ಲ. ಕೆಲವರು ವರ್ಷಗಟ್ಟಲೆ ಬೈಬಲ್ ಮುಂದಿಟ್ಟುಕೊಂಡು ಲೆಕ್ಕ ಮಾಡಿದವರು. ಅಮೆರಿಕದ ರೈತ ವಿಲಿಯಂ ಮಿಲ್ಲರ್ ಹಾಗೆ. ದಾನಿಯೇಲ 8:14ರಲ್ಲಿ 2300 ದಿನಗಳಾದ ಮೇಲೆ ಪವಿತ್ರಾಲಯ ಶುದ್ಧವಾಗುತ್ತದೆ ಎಂದಿದೆ. ಮಿಲ್ಲರ್ ಒಂದು ದಿನಕ್ಕೆ ಒಂದು ವರ್ಷ ಎಂದುಕೊಂಡರು. ಯೆರೂಸಲೇಮಿಗೆ ಮರಳಲು ಪಾರಸಿಯ ರಾಜ ಅಪ್ಪಣೆ ಕೊಟ್ಟ ಕ್ರಿಸ್ತಪೂರ್ವ 457ರಿಂದ ಎಣಿಸಿದರು. 2300ರಲ್ಲಿ 457 ಕಳೆದರೆ 1843. ಇತಿಹಾಸದಲ್ಲಿ ಸೊನ್ನೆಯ ವರ್ಷ ಇಲ್ಲ, ಹಾಗಾಗಿ ಒಂದು ಸೇರಿಸಿ 1844. ಕೊನೆಗೆ ಅನುಯಾಯಿಗಳು ಅಕ್ಟೋಬರ್ 22 ಎಂದು ದಿನವನ್ನೂ ಗೊತ್ತುಮಾಡಿದರು. ಹತ್ತಾರು ಸಾವಿರ ಜನ ಕಾದರು. ಕೆಲವರು ಹೊಲದ ಬೆಳೆಯನ್ನೂ ಕೊಯ್ಯದೆ ಬಿಟ್ಟಿದ್ದರು. ಬೆಳಗಾಯಿತು, ಎಂದಿನ ಬೆಳಗು. ಚರಿತ್ರೆಯಲ್ಲಿ ಅದಕ್ಕೆ ಮಹಾ ನಿರಾಶೆ ಎಂದೇ ಹೆಸರು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಉಳಿದವರಲ್ಲಿ ಒಂದು ಗುಂಪು, ತಾರೀಕು ಸರಿ, ಘಟನೆಯನ್ನು ತಿಳಿದದ್ದು ತಪ್ಪು, ಆ ದಿನ ಕ್ರಿಸ್ತನು ಪರಲೋಕದ ಪವಿತ್ರಾಲಯದಲ್ಲಿ ಹೊಸ ಕೆಲಸ ಶುರುಮಾಡಿದ ಎಂದು ಓದಿತು. 1863ರಲ್ಲಿ ಅದರಿಂದ ಸೆವೆಂತ್ ಡೇ ಅಡ್ವೆಂಟಿಸ್ಟ್ ಚರ್ಚು ಹುಟ್ಟಿತು. ಪುಣೆಯ ಔಂಧ್‌ನಲ್ಲಿರುವ ಸ್ಪೈಸರ್ ವಿಶ್ವವಿದ್ಯಾಲಯ ಅವರದೇ. ಈಗ ಅವರು ಬರೋಣ ಹತ್ತಿರವಿದೆ ಎನ್ನುತ್ತಾರೆ, ತಾರೀಕು ಮಾತ್ರ ಹೇಳುವುದಿಲ್ಲ.

ಹೆರಾಲ್ಡ್ ಕ್ಯಾಂಪಿಂಗ್ ನೆನಪಿರಬಹುದು. 2011ರ ಮೇ 21ಕ್ಕೆ ಎಂದು ದೊಡ್ಡ ದೊಡ್ಡ ಫಲಕ ಹಾಕಿಸಿದ ಅಮೆರಿಕದ ರೇಡಿಯೋ ಬೋಧಕ. ಅವರ ಲೆಕ್ಕವೂ ಇದೇ ಜಾತಿಯದು. ನೋಹನ ಜಲಪ್ರಳಯ ಕ್ರಿಸ್ತಪೂರ್ವ 4990ರಲ್ಲಿ ಆಯಿತು ಎಂದುಕೊಂಡರು. ದೇವರು ನೋಹನಿಗೆ ಏಳು ದಿನ ಗಡುವು ಕೊಟ್ಟಿದ್ದರು. ಕರ್ತನಿಗೆ ಒಂದು ದಿನ ಸಾವಿರ ವರ್ಷದಂತೆ ಎಂದು ಪೇತ್ರನ ಎರಡನೆಯ ಪತ್ರದಲ್ಲಿದೆ. ಏಳು ದಿನ ಅಂದರೆ 7000 ವರ್ಷ, ಸೊನ್ನೆಯ ವರ್ಷ ಇಲ್ಲದ್ದಕ್ಕೆ ಇಲ್ಲೂ ಒಂದು ಸೇರಿಸಿದರೆ ಬಂದು ನಿಂತಿತು 2011. ಮೇ ಕಳೆದ ಮೇಲೆ ಅಕ್ಟೋಬರ್ 21 ಎಂದರು. ಅದೂ ಕಳೆದ ಮೇಲೆ, ಮರುವರ್ಷ, ತಾರೀಕು ಹೇಳಿದ್ದು ತಪ್ಪಾಯಿತು ಎಂದು ಒಪ್ಪಿಕೊಂಡರು.

ಎರಡೂ ಲೆಕ್ಕಗಳಲ್ಲಿ ಕೂಡುವ ಕಳೆಯುವ ಕೆಲಸ ಸರಿಯಾಗೇ ಇದೆ. ತಪ್ಪು ಹಿಡಿಯಬೇಕಾದ್ದು ಎರಡೇ ಕಡೆ: ಎಣಿಕೆ ಶುರುಮಾಡಿದ ವರ್ಷ ಯಾರು ಆರಿಸಿದರು, ದಿನವನ್ನು ವರ್ಷ ಮಾಡಲು ಆ ವಚನದಲ್ಲೇ ಅಪ್ಪಣೆ ಇದೆಯಾ.

ನಮ್ಮ ಕಡೆ ಯಾರು ಏನು ನಂಬುತ್ತಾರೆ

ಬೀದರ್, ಕಲಬುರಗಿಯಿಂದ ಮುಂಬಯಿಗೆ ಬಂದ ಕನ್ನಡ ಕ್ರೈಸ್ತರಲ್ಲಿ ಮೆಥೊಡಿಸ್ಟರು ಬಹಳ. ಅವರ ಚರ್ಚಿನ ಮೂಲ ನಿಯಮಗಳಲ್ಲಿ, ಕೊನೆಯ ದಿನ ಕ್ರಿಸ್ತನು ಎಲ್ಲರಿಗೂ ನ್ಯಾಯ ತೀರಿಸಲು ಮರಳುತ್ತಾನೆ ಎಂದಷ್ಟೇ ಇದೆ. ಹಾಗಾಗಿ ಒಂದೇ ಚರ್ಚಿನಲ್ಲಿ ಬೇರೆ ಬೇರೆ ಅಭಿಪ್ರಾಯದ ಪಾಸ್ಟರ್‌ಗಳು ಸಿಗುತ್ತಾರೆ. ಮಂಗಳೂರಿನ ಬಾಸೆಲ್ ಮಿಷನ್ ಮೂಲದವರಲ್ಲೂ ಹೀಗೇ.

ಪೆಂಟಕೋಸ್ಟಲ್ ಸಭೆಗಳಲ್ಲಿ ಎತ್ತಲ್ಪಡುವಿಕೆ ಮೊದಲು, ಮಹಾಸಂಕಟ ಆಮೇಲೆ ಎಂಬುದು ಸಾಮಾನ್ಯ ಬೋಧನೆ. ಈ ಚಳವಳಿಗೆ ನಮ್ಮ ಹತ್ತಿರದ ನಂಟಿದೆ. ಪುಣೆಯಾಚೆ ಕೆಡಗಾಂವದಲ್ಲಿ ಪಂಡಿತಾ ರಮಾಬಾಯಿ ನಡೆಸುತ್ತಿದ್ದ ಮುಕ್ತಿ ಮಿಷನ್‌ನಲ್ಲಿ 1905ರಲ್ಲಿ ದೊಡ್ಡ ಆತ್ಮಿಕ ಉಜ್ಜೀವನ ನಡೆಯಿತು. ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ ನಡೆದ, ಪೆಂಟಕೋಸ್ಟಲ್ ಚಳವಳಿಯನ್ನು ಲೋಕಕ್ಕೆ ಹರಡಿದ ಪ್ರಸಿದ್ಧ ಕೂಟಗಳಿಗೆ ಒಂದು ವರ್ಷ ಮುಂಚೆ. ರಮಾಬಾಯಿಯ ತಂದೆಯ ಊರು ಕಾರ್ಕಳದ ಹತ್ತಿರದ ಮಾಳ. ಬ್ರದರನ್ ಸಭೆಗಳ ಬೇರು ಇನ್ನೂ ಹಳೆಯದು. ಆ ಗುಂಪಿನ ಮೊದಲಿಗರಲ್ಲಿ ಒಬ್ಬರಾದ ಆಂಥೊನಿ ನಾರಿಸ್ ಗ್ರೋವ್ಸ್ 1833ರಲ್ಲೇ ಭಾರತಕ್ಕೆ ಬಂದಿದ್ದರು.

ಮುಂದಿನ ಸಲ ಬೈಬಲ್ ಸ್ಟಡಿಯಲ್ಲಿ ಈ ವಿಷಯ ಎದ್ದರೆ, ಮಾತಾಡುವವರು ಯಾವ ದಾರಿಯವರು ಅಂತ ತಿಳಿಯಲು ಎರಡು ಪ್ರಶ್ನೆ ಸಾಕು. "ಪಾಸ್ಟರ್, ಮತ್ತಾಯ 24ರಲ್ಲಿ 70ನೇ ಇಸವಿಗೆ ಎಷ್ಟು ಸೇರುತ್ತದೆ?" ಎಂದು ಒಂದು. "ಸಭೆ ಮಹಾಸಂಕಟದ ಒಳಗೆ ಹಾದುಹೋಗುತ್ತದಾ, ಇಲ್ವಾ?" ಎಂದು ಇನ್ನೊಂದು. ಮೊದಲನೆಯದಕ್ಕೆ 'ಏನೂ ಇಲ್ಲ', ಎರಡನೆಯದಕ್ಕೆ 'ಇಲ್ಲ' ಅಂದರೆ ಡಾರ್ಬಿಯ ದಾರಿ. ಮೊದಲನೆಯದಕ್ಕೆ 'ಬಹುಪಾಲು' ಅಂದರೆ ಎರಡನೆಯ ಪ್ರಶ್ನೆ ಕೇಳುವ ಹೊತ್ತಿಗೆ ಅವರೇ ನಗುತ್ತಾ, ಯಾವ ಮಹಾಸಂಕಟ ಅಂತ ನಿಮ್ಮನ್ನೇ ಕೇಳುತ್ತಾರೆ.